ನಿಮ್ಮ ವಿಷ್ಣುಕ್ರಾಂತಿಯಲ್ಲಿ ಎರಡು ಗಿಡ ಇವೆ

ನಮಸ್ಕಾರ.

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ವಿಷ್ಣುಕ್ರಾಂತಿ ಹೂವಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಬೇಜಾರು ಬೇಡ, ಕಾರಣ ಹೇಳುತ್ತೇನೆ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ.

ಮೂರನೇ ಪ್ಯಾರಾದಲ್ಲಿ ನಿಮ್ಮ ಹೂವು ನೆಲಕ್ಕೆ ಅಂಟಿಕೊಂಡಿದೆ, ಕಿರುಬೆರಳ ಉಗುರಿನಷ್ಟು ಅಗಲ ಇದೆ. ಐದನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಅದು ಬೇಲಿ ಹತ್ತಿದೆ. ನಿಮ್ಮ ಅತ್ತಿಗೆ ಅದನ್ನೇ ಬಿಸಿನೀರಿಗೆ ಹಾಕಿ ನೀಲಿ ಟೀ ಮಾಡಿ ಕೊಟ್ಟಿದ್ದಾರೆ. ಇದು ಒಂದೇ ಗಿಡ ಅಲ್ಲ. ಬೇಲಿ ಹತ್ತಿದ್ದು ಶಂಖಪುಷ್ಪ, ಕ್ಲಿಟೋರಿಯಾ ಟರ್ನೇಟಿಯಾ. ಅವರೆ, ಹೆಸರುಕಾಳಿನ ಬಳಗದ್ದು. ಹೂ ಮುಗಿದ ಮೇಲೆ ಚಪ್ಪಟೆ ಕಾಯಿ ಬಿಡುತ್ತದೆ. ದಾವಣಗೆರೆಯಲ್ಲೂ ಎಷ್ಟೋ ಮನೆಗಳ ಕಾಂಪೌಂಡ್ ಮೇಲೆ ಹಬ್ಬಿರುತ್ತದೆ. ಕಾಡಿನಲ್ಲಿ ನೀವು ಬಗ್ಗಿ ನೋಡಿದ್ದು ಇವಾಲ್ವುಲಸ್ ಆಲ್ಸಿನಾಯ್ಡಿಸ್. ಅದು ಸಿಹಿಗೆಣಸಿನ ಬಳಗ. ಆದರೆ ಆ ಬಳಗದ ಬೇರೆ ಬಳ್ಳಿಗಳ ಹಾಗೆ ಯಾವುದಕ್ಕೂ ಸುತ್ತಿಕೊಳ್ಳುವುದಿಲ್ಲ, ನೆಲದ ಮೇಲೇ ಹರಡುತ್ತದೆ. ನೀವು ಬೇಲಿಯ ಬಳ್ಳಿಯ ಸಸ್ಯಶಾಸ್ತ್ರದ ಹೆಸರನ್ನು ಕಾಡಿನ ಈ ಗಿಡಕ್ಕೆ ಅಂಟಿಸಿದ್ದೀರಿ.

ತಪ್ಪು ಪೂರ್ತಿ ನಿಮ್ಮದೂ ಅಲ್ಲ ಬಿಡಿ. ಶಂಖಪುಷ್ಪವನ್ನೂ ವಿಷ್ಣುಕ್ರಾಂತಿ ಅನ್ನುವವರಿದ್ದಾರೆ. ಆಯುರ್ವೇದದ ಶಂಖಪುಷ್ಪಿ ಅಂದರೆ ಯಾವ ಗಿಡ ಅನ್ನುವ ತಕರಾರು ಹಳೆಯದು. ಈ ಎರಡೂ ಗಿಡಗಳ ಹೆಸರು ಅಲ್ಲಿ ಬರುತ್ತವೆ, ಜೊತೆಗೆ ಕನ್ವಾಲ್ವುಲಸ್ ಜಾತಿಯ ಇನ್ನೊಂದು. ಹಾಗಾಗಿಯೇ ನಿಮ್ಮ "ನೆನಪಿನ ಶಕ್ತಿಗೆ ರಾಮಬಾಣ" ಪ್ಯಾರಾ ಪೂರ್ತಿ ಹೋಗಬೇಕು. ಯಾವ ಗಿಡ ಅಂತಲೇ ಗೊತ್ತಾಗದೆ ಓದುಗರು ಕಷಾಯ ಕಾಸಿ ಕುಡಿಯುವುದು ನನಗಂತೂ ಬೇಡ.

ವಿಷ್ಣುಕ್ರಾಂತಿ ಅನ್ನುವ ಹೆಸರಿಗೆ ನೀವು ತಂದ ಬಲಿ, ವಾಮನ, ಮೂರು ಹೆಜ್ಜೆಯ ಕಥೆ: ಒಂದು ಪುಟ. ಬಲಿಪಾಡ್ಯಮಿ ದಿನ ಇದು ಎಲ್ಲ ಪೇಪರಿನಲ್ಲೂ ಬರುತ್ತದೆ. ಎರಡು ಸಾಲು ಸಾಕು. ಕೇರಳದವರು ಇದೇ ಪುಟ್ಟ ಹೂವನ್ನು ದಶಪುಷ್ಪ ಅನ್ನುವ ಹತ್ತು ಪವಿತ್ರ ಹೂಗಳಲ್ಲಿ ಒಂದಾಗಿ ಎಣಿಸುತ್ತಾರೆ, ಬೇಕಿದ್ದರೆ ಅದನ್ನು ಸೇರಿಸಿ.

ಈಗ ನನಗೆ ಇಷ್ಟವಾದ ಜಾಗ. ಕೊನೇ ಪುಟದಲ್ಲಿ ಕುರಿ ಕಾಯುವ ಅಜ್ಜ ಒಬ್ಬರು ಬರುತ್ತಾರೆ. ಹೂವಿನ ಹೆಸರು ಕೇಳಿದ್ದಕ್ಕೆ ಅವರು ಹೇಳುತ್ತಾರೆ: "ಯಾವ್ದೋ ನೆಲದ ಹೂವು ಬಿಡಣ್ಣ. ಹೊತ್ತೇರಿದ್ ಮ್ಯಾಲೆ ಬಂದಿದ್ರೆ ಅದೂ ಕಾಣ್ತಿರ್ಲಿಲ್ಲ." ಇದಕ್ಕೆ ನೀವು "ಪಾಪ, ಅವರಿಗೆ ಹೆಸರೂ ತಿಳಿಯದು" ಅಂತ ಬರೆದು ಮುಂದೆ ಹೋಗಿದ್ದೀರಿ. ಯಾಕೆ ಪಾಪ? ಅವರ ಮಾತು ಸರಿಯಾಗಿದೆ. ಈ ಹೂವು ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಆದರೆ ಅವರ ಮಾತು ಬರೆದುಕೊಂಡ ನೀವೇ ಮುಂದಿನ ಪ್ಯಾರಾದಲ್ಲಿ "ಸಂಜೆಯ ಹೊಂಬಿಸಿಲಲ್ಲಿ ನೀಲಮಣಿಗಳಂತೆ ಅರಳಿ ನಿಂತ" ಹೂವುಗಳನ್ನು ತಂದಿದ್ದೀರಿ. ಸಂಜೆ ನೀವು ಅಲ್ಲಿ ಇರಲಿಲ್ಲ, ಅಲ್ವಾ? ಅಜ್ಜನಿಂದಲೇ ಲೇಖನ ಶುರು ಮಾಡಿ. ಅವರಿಗೆ ಹೆಸರು ಗೊತ್ತಿಲ್ಲ, ಹೂವು ಗೊತ್ತು. ನಿಮ್ಮ ಲೇಖನದಲ್ಲಿ ಹೆಸರು ಇಪ್ಪತ್ತು ಕಡೆ ಇದೆ, ಹೂವು ಇರುವುದು ಒಂದೇ ಪ್ಯಾರಾದಲ್ಲಿ.

ಆ ಒಂದು ಪ್ಯಾರಾ ಬೆಳೆಸಿ. ಎಲೆ ಮುಟ್ಟಿ ನೋಡಿದ್ದೀರಾ? ಅದರ ಮೇಲೆ ರೇಷ್ಮೆಯಂಥ ಸಣ್ಣ ಕೂದಲು ಇರುತ್ತದೆ. ಹೂವಿನ ತೊಟ್ಟು ಎಷ್ಟು ತೆಳು ಅಂದರೆ ಸ್ವಲ್ಪ ದೂರದಿಂದ ನೋಡಿದರೆ ತೊಟ್ಟೇ ಕಾಣುವುದಿಲ್ಲ, ನೀಲಿ ಮಾತ್ರ ಕಾಣುತ್ತದೆ. ಹೂವಿನ ನಡುವೆ ಬಿಳಿ. ಸುತ್ತ ಏನಿತ್ತು? ಬಂದರಿಕೆ ಗಿಡವಾ, ಬರೀ ಕಲ್ಲಾ, ಕುರಿ ಮೇಯ್ದ ಹುಲ್ಲಾ? "ನಿಸರ್ಗದೇವಿಯ ಮುಗುಳ್ನಗೆ" ತೆಗೆದು ಅಲ್ಲಿ ಇದನ್ನು ಹಾಕಿ.

ಹೆಸರಿನ ವಿಷಯಕ್ಕೆ ಇಷ್ಟೇ: ಕನ್ನಡದ ಹೆಸರು ಬರೆದಾಗ ಅದನ್ನು ನಿಮಗೆ ಯಾರು ಹೇಳಿದರು, ಯಾವ ಊರಿನಲ್ಲಿ ಹಾಗೆ ಅನ್ನುತ್ತಾರೆ ಅಂತಲೂ ಬರೆಯಿರಿ. ಸಸ್ಯಶಾಸ್ತ್ರದ ಹೆಸರು ಒಂದು ಸಲ ಬಂದರೆ ಸಾಕು, ಅದು ಸರಿ ಇರಬೇಕು. ಊರಿಂದ ಊರಿಗೆ ಹೆಸರು ಬೇರೆ ಇದ್ದರೆ ಅದೂ ಬರಲಿ. ಓದುಗರು ಪತ್ರ ಬರೆದು ಜಗಳ ಆಡಲಿ, ನನಗೆ ಖುಷಿಯೇ.

ಏಳುನೂರು ಪದ ಮೀರಬೇಡಿ. ಮಳೆಗಾಲ ಮುಗಿಯುವ ಮೊದಲು ಒಂದು ಬೆಳಗ್ಗೆ ಮತ್ತೆ ಹೋಗಿ ಬನ್ನಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಜೋಗಿಮಟ್ಟಿ ವನ್ಯಜೀವಿಧಾಮ, ಗಿಡ ಕಿತ್ತು ನನಗೆ ಕವರಿನಲ್ಲಿ ಕಳಿಸಬೇಡಿ. ಮತ್ತೆ ಈ ಸಲ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹೋದ ಸಲದ ಫೈಲು ತೆರೆದರೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗಿತ್ತು.