ಮಳೆಗಾಲದಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಬಿಟ್ಟು ಬಿಟ್ಟು ಕೇಳುವುದು ಯಾಕೆ?

ಬದಿಯಡ್ಕದಿಂದ ನೀವು ಕೇಳಿದ್ದು: ಕೇರಳ ಸರಕಾರದ ಶ್ರುತಿತರಂಗಂ ಯೋಜನೆಯಲ್ಲಿ ಇಂಪ್ಲಾಂಟ್ (ಕಿವಿ ಕೇಳದವರಿಗೆ ಆಪರೇಶನ್ ಮಾಡಿ ಕೂರಿಸುವ ಶ್ರವಣ ಸಾಧನ) ಆದ ಮಗನಿಗೆ ಆಟಿಯ ಮಳೆ ಶುರುವಾದ ಮೇಲೆ ಕೇಳುವುದು ತುಂಡು ತುಂಡಾಗುತ್ತಿದೆ, ಚರ್ಮ ಚಂಡಿಯಾದರೆ ಒಳಗೆ ಕರೆಂಟು ಹೋಗುವುದಿಲ್ಲವೇ, ಒಳಗಿನ ಬ್ಯಾಟರಿ ಹಾಳಾಗಿರಬಹುದೇ?

ಒಳಗೆ ಬ್ಯಾಟರಿಯೇ ಇಲ್ಲ. ಮ್ಯಾಗ್ನೆಟ್‌ನಿಂದ ತಲೆಗೆ ಅಂಟಿಕೊಳ್ಳುವ ತಂತಿಸುರುಳಿ, ಅಂದರೆ ಕಾಯಿಲ್‌ನ ಕಾಂತಕ್ಷೇತ್ರದಿಂದ ಚರ್ಮದಡಿಯ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟುತ್ತದೆ; ಶಬ್ದದ ಮಾಹಿತಿಯೂ ಅದೇ ದಾರಿಯಲ್ಲಿ ಹೋಗುತ್ತದೆ. ಹೊರಗಿನದು ಜಾರಿದ ಕೂಡಲೇ ಕೇಳುವುದು ನಿಲ್ಲುತ್ತದೆ. ಕಂಪನಿಗೆ ತಕ್ಕಂತೆ 5, 12 ಅಥವಾ 49 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಈ ಕ್ಷೇತ್ರಕ್ಕೆ ಒದ್ದೆ ಚರ್ಮ ದೊಡ್ಡ ಅಡ್ಡಿಯಲ್ಲ, ಲೋಹ ಅಡ್ಡಿ. ಅದಕ್ಕೇ ಒಳಗಿನ ಕಾಯಿಲನ್ನು ಟೈಟಾನಿಯಂ ಪೆಟ್ಟಿಗೆಯಲ್ಲಿ ಮುಚ್ಚದೆ ಸಿಲಿಕೋನ್‌ನಲ್ಲಿ ಇಡುತ್ತಾರೆ. ಎರಡನೆಯ ಶತ್ರು ಅಂತರ: ಕಾಯಿಲ್‌ಗಳ ನಡುವೆ ಕೆಲವೇ ಮಿಲಿಮೀಟರ್ ಹೆಚ್ಚಾದರೂ, ಒಂದು ಪಕ್ಕಕ್ಕೆ ಸರಿದರೂ, ಒಳಗೆ ಸಿಗುವ ಶಕ್ತಿ ಬೇಗ ಇಳಿಯುತ್ತದೆ. ದಪ್ಪ ಕೂದಲು ಇದ್ದರೆ ಆ ಜಾಗದಲ್ಲಿ ಸ್ವಲ್ಪ ಕತ್ತರಿಸಿ. ತೆಂಗಿನೆಣ್ಣೆ ಹಚ್ಚಿದ ದಿನ ಕಾಯಿಲ್ ಜಾರುವುದೂ ಇದೆ.

ಹಾಗಾದರೆ ಮಳೆಗೂ ಇದಕ್ಕೂ ಏನು ಸಂಬಂಧ? ತೇವ ಕೂರುವುದು ಹೊರಗಿನ ಭಾಗಗಳಲ್ಲಿ: ಬ್ಯಾಟರಿಯ ಸಂಪರ್ಕ, ಮೈಕಿನ ತೂತು, ಪ್ರೊಸೆಸರ್‌ನಿಂದ (ಶಬ್ದ ಹಿಡಿಯುವ ಹೊರಗಿನ ಯಂತ್ರ) ಕಾಯಿಲ್‌ಗೆ ಹೋಗುವ ಕೇಬಲಿನ ಪ್ಲಗ್ಗು. ನನ್ನ ಮೊದಲ ಸಂಶಯ ಕೇಬಲಿನ ಮೇಲೆ. ಪ್ಲಗ್ಗಿನ ಬುಡದಲ್ಲಿ ಮಡಚಿ ಮಡಚಿ ಒಳಗಿನ ತಂತಿ ತುಂಡಾಗುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ. ಕಾಯಿಲ್ ತಲೆಯ ಮೇಲೇ ಇರಲಿ, ಕೇಬಲನ್ನು ಬುಡದಲ್ಲಿ ಮೆಲ್ಲಗೆ ಅಲ್ಲಾಡಿಸಿ. ಮಗ ಸದ್ದು ಕಡಿದುಹೋಯಿತೆಂದರೆ ಅಥವಾ ಪ್ರೊಸೆಸರ್‌ನ ದೀಪ ಕಾಯಿಲ್ ಬಿಟ್ಟುಹೋದ ಸೂಚನೆ ಕೊಟ್ಟರೆ ಕೇಬಲ್ ಬದಲಿಸಿ.

ಬಿಸಾಡುವ ಸೆಲ್ ಆದರೆ 675 ಅಳತೆಯ ಜಿಂಕ್-ಏರ್ (ಗಾಳಿ ಸೇರಿದರೆ ಕೆಲಸ ಮಾಡುವ ಸತುವಿನ ಸೆಲ್), ಅದೂ ಇಂಪ್ಲಾಂಟಿಗೆಂದೇ ಬರೆದದ್ದು ಬೇಕು. ಸಾಮಾನ್ಯ ಶ್ರವಣಯಂತ್ರದ 675 ಅಷ್ಟು ಕರೆಂಟು ಕೊಡಲಾರದು. ಸ್ಟಿಕ್ಕರ್ ಕಿತ್ತ ಮೇಲೆ ಗಾಳಿ ಸೇರಲು ಕೆಲವು ನಿಮಿಷ ಬಿಟ್ಟು ಹಾಕಿ.

ದಿನಾ ರಾತ್ರಿ ಹೊರಗಿನ ಭಾಗಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿಡಿ. ಜಿಂಕ್-ಏರ್ ಸೆಲ್ ತೆಗೆದಿಡಿ, ಇಲ್ಲವಾದರೆ ಅದೂ ಒಣಗಿ ಬೇಗ ಸಾಯುತ್ತದೆ. ಜೆಲ್‌ನ ಬಣ್ಣ ಬದಲಾದರೆ ಹೊಸದು ಹಾಕಿ. ಹೇರ್‌ಡ್ರೈಯರ್, ಒಲೆಯ ಕಾವು ಬೇಡ.

ಕಾಯಿಲ್ ಬೀಳುತ್ತದೆಂದು ನೀವೇ ಮ್ಯಾಗ್ನೆಟ್ ಬಿಗಿ ಮಾಡಬೇಡಿ. ಹೆಚ್ಚು ಎಳೆದರೆ ರಕ್ತ ಓಡಾಡದೆ ಚರ್ಮ ಹುಣ್ಣಾಗುತ್ತದೆ. ಆ ಜಾಗ ಕೆಂಪಾಗಿ ನೋಯುತ್ತಿದ್ದರೆ ಕಾಯಿಲ್ ತೆಗೆದು ವೈದ್ಯರಿಗೆ ತೋರಿಸಿ. ಹೊಸ ಕೇಬಲ್, ಹೊಸ ಸೆಲ್ ಹಾಕಿದರೂ ಸರಿಯಾಗದಿದ್ದರೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಬಳಿ ಹೋಗಿ, ಒಳಗಿನ ಭಾಗ ಉತ್ತರ ಕೊಡುತ್ತಿದೆಯೇ ಎಂದು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಬೇರೆ ಕಂಪನಿಯ ಕಾಯಿಲ್ ಸಾಲ ತಂದು ಪರೀಕ್ಷಿಸಬೇಡಿ, ಆವರ್ತನವೇ ಹೊಂದುವುದಿಲ್ಲ.