ಟ್ರೌಟ್ ಇಲ್ಲದ ಉಡುಪಿಯಲ್ಲಿ ಕೂತು ನಿಂಫ್ ಕಟ್ಟಿ, ಹತ್ತು ಜನರ ಅದಲುಬದಲಿಗೆ ಸೇರಬಹುದೇ?

ಖಂಡಿತ ಸೇರಿ. ಫ್ಲೈ ಕಟ್ಟಲಿಕ್ಕೆ ಶುರುಮಾಡಿ ಒಂದು ಮಳೆಗಾಲವಷ್ಟೇ ಕಳೆದಿದೆ, ಕೈಕೆಲಸ ಇನ್ನೂ ಒರಟು, ಹತ್ತು ಜನ ಸೇರಿ ನಿಂಫ್ ಅದಲುಬದಲು ಮಾಡುವವರು ನಿಮ್ಮನ್ನೂ ಕರೆದಿದ್ದಾರೆ, ಆದರೆ ಊರಲ್ಲಿ ಟ್ರೌಟೇ ಇಲ್ಲವಲ್ಲ ಎಂದು ನೀವು ಬರೆದಿದ್ದೀರಿ. ಇದೆಲ್ಲ ಹೊಸದಾದ ಓದುಗರಿಗೆ ಒಂದು ಮಾತು: ಟ್ರೌಟ್ ತಣ್ಣೀರಿನ ಹೊಳೆಮೀನು; ಫ್ಲೈ ಎಂದರೆ ಅದನ್ನು ಗಾಳಕ್ಕೆ ಸೆಳೆಯಲಿಕ್ಕೆ ಕೊಕ್ಕೆಗೆ ಗರಿ, ನೂಲು, ತಂತಿ ಸುತ್ತಿ ಮಾಡುವ ಕೃತಕ ಕೀಟ; ನಿಂಫ್ ಎಂದರೆ ನೀರಿನಡಿಯ ಮರಿಕೀಟ, ಅದರ ಹಾಗೆ ಕಟ್ಟಿದ ಫ್ಲೈಗೂ ಅದೇ ಹೆಸರು. ನಾನು ಮಂಗಳೂರಿನಲ್ಲಿ ಕೂತು ಕಟ್ಟುವವನು. ಇಂಥ ಅದಲುಬದಲಿಗೆ ಫ್ಲೈ ಕಳಿಸಿದ್ದೇನೆ, ಎಲ್ಲರದ್ದನ್ನೂ ತರಿಸಿಕೊಂಡು ಹಂಚುವ ಕೆಲಸವನ್ನೂ ಮಾಡಿದ್ದೇನೆ. ಡಬ್ಬಿ ಬಿಚ್ಚಿದಾಗ ಸೊಟ್ಟ ತಲೆಯ ಫ್ಲೈ ಕಂಡರೆ ನನಗೇನೂ ಅನಿಸುವುದಿಲ್ಲ. ಒಳಗೆ ಏನು ಹಾಕಿದ್ದಾರೆಂದು ಬರೆಯದೆ ಕಳಿಸಿದ ಫ್ಲೈ ಕಂಡರೆ ಮಾತ್ರ ನಿಜಕ್ಕೂ ಬೇಸರ ಆಗ್ತದೆ.

ಯಾಕೆಂದರೆ ನಿಂಫಿನ ಜೀವ ಇರುವುದು ಅದರ ತೂಕದಲ್ಲಿ. ಮೇಫ್ಲೈ, ಸ್ಟೋನ್‌ಫ್ಲೈ ತರಹದ ಕೀಟಗಳು ರೆಕ್ಕೆ ಬರುವ ಮೊದಲು ತಿಂಗಳುಗಟ್ಟಲೆ ಹೊಳೆಯ ತಳದಲ್ಲಿ, ಕಲ್ಲುಗಳ ಸಂದಿಯಲ್ಲಿ ಬದುಕುತ್ತವೆ. ಟ್ರೌಟಿನ ಊಟ ಬಹುಪಾಲು ಅಲ್ಲೇ ಆಗ್ತದೆ. ನೀವು ಕಟ್ಟಿದ ನಿಂಫ್ ತಳದ ಹತ್ತಿರ ಹೋಗದಿದ್ದರೆ ಎಷ್ಟು ಚಂದ ಇದ್ದರೂ ಮೀನು ಅದರತ್ತ ತಿರುಗುವುದಿಲ್ಲ. 14ನೇ ನಂಬರಿನ ಕೊಕ್ಕೆಗೆ ತೂಕಕ್ಕೆಂದು ತಲೆಯ ಜಾಗದಲ್ಲಿ ಸಾಮಾನ್ಯವಾಗಿ 2.8 ಮಿಲಿಮೀಟರಿನ ಲೋಹದ ಮಣಿ ಹಾಕುತ್ತೇವೆ. ಬಣ್ಣ ಹಾಕಿದ ಮೇಲೆ ಹಿತ್ತಾಳೆ ಮಣಿ ಯಾವುದು, ಟಂಗ್‌ಸ್ಟನ್ ಮಣಿ ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಟಂಗ್‌ಸ್ಟನ್ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಮಣಿಯ ಹಿಂದೆ ಸುತ್ತಿದ ತಂತಿಯಂತೂ ಮೈಯೊಳಗೆ ಮುಚ್ಚಿಹೋಗಿರ್ತದೆ. ನಿಮ್ಮ ಫ್ಲೈ ಸಿಕ್ಕವರು ಹಿಮಾಚಲದ ತೀರ್ಥನ್ ಹೊಳೆಯಲ್ಲಿ ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ಅದನ್ನು ಲೈನಿಗೆ ಕಟ್ಟುವಾಗ, ಇದು ತೆಳು ನೀರಿಗೋ ಗುಂಡಿಗೋ ಎಂದು ತಿಳಿಯುವುದು ಹೇಗೆ? ಒಂದೆರಡು ಸಲ ಕಲ್ಲಿಗೆ ಸಿಕ್ಕಿ ಕಳೆದುಹೋದ ಮೇಲೆ ತಿಳಿದು ಏನೂ ಉಪಯೋಗ ಇಲ್ಲ.

ಆದ್ದರಿಂದ ಪ್ರತಿ ಫ್ಲೈಗೂ ಚಿಕ್ಕ ಕಾಗದದ ಚೀಟಿ ಸಿಕ್ಕಿಸಿ. ಹೆಸರು, ಊರು ಇರಲಿ. ಅದಕ್ಕಿಂತ ಮುಖ್ಯ: "ಕೊಕ್ಕೆ 14, ಹಿತ್ತಾಳೆ ಮಣಿ 2.8, ಒಳಗೆ ತಾಮ್ರದ ತಂತಿ ಎಂಟು ಸುತ್ತು, ಸೀಸ ಇಲ್ಲ, ಬಾರ್ಬ್ ಒತ್ತಿದೆ." (ಬಾರ್ಬ್ ಎಂದರೆ ಕೊಕ್ಕೆಯ ಮೊನೆಯ ಹಿಂಮುಳ್ಳು.) ಇಷ್ಟು ಬರೆದು ಅಷ್ಟನ್ನೂ ಹತ್ತಕ್ಕೆ ಹತ್ತರಲ್ಲೂ ಒಂದೇ ಸಮ ಮಾಡಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ನಮಗಾಗಿ ಕಟ್ಟುವಾಗ ಮೂರು ಕಟ್ಟುತ್ತೇವೆ, ಮೂರೂ ಮೂರು ಬಗೆ ಆಗ್ತದೆ, ನಡೀತದೆ ಎಂದು ಡಬ್ಬಿಗೆ ಹಾಕುತ್ತೇವೆ. ಬೇರೆಯವರಿಗೆ ಒಂದೇ ಮಾದರಿಯ ಹತ್ತು ಕೊಡಬೇಕು ಎಂದಾಗಲೇ ಬಾಲ ಎಷ್ಟುದ್ದ, ತಂತಿ ಎಲ್ಲಿ ನಿಲ್ಲಿಸಬೇಕು, ಕೊಕ್ಕೆಯ ಕಣ್ಣಿನ (ಲೈನು ಕಟ್ಟುವ ತೂತಿನ) ಹಿಂದೆ ಎಷ್ಟು ಜಾಗ ಬಿಡಬೇಕು ಎಂಬುದು ಕೈಗೆ ಕೂರುವುದು.

ಸೀಸದ ವಿಷಯ ಯಾಕೆ ಚೀಟಿಯಲ್ಲಿ ಬೇಕೆಂದರೆ, ನೀರುಹಕ್ಕಿಗಳು ಅದನ್ನು ನುಂಗಿ ಸಾಯುತ್ತವೆ. ಹಂಸಗಳು ಹಾಗೆ ಸಾಯುತ್ತಿದ್ದುದರಿಂದಲೇ ಬ್ರಿಟನ್ನಿನಲ್ಲಿ 1987ರಲ್ಲಿ ಗಾಳದ ಸೀಸದ ಗುಂಡುಗಳಿಗೆ ನಿರ್ಬಂಧ ಬಂತು. ತಾಮ್ರದಲ್ಲಿ ಆಗುವ ಕೆಲಸಕ್ಕೆ ಸೀಸ ಬೇಡ.

ಯಾವ ಮಾದರಿ ಕಟ್ಟಬೇಕು ಅಂತಲೂ ಕೇಳಿದ್ದೀರಿ. ಫ್ರಾಂಕ್ ಸಾಯರ್ ಅವರ ಫೆಸೆಂಟ್ ಟೇಲ್ (ಫೆಸೆಂಟ್ ಎಂಬ ಹಕ್ಕಿಯ ಬಾಲದ ಗರಿಯಿಂದ ಮಾಡುವ ನಿಂಫ್) ಕಟ್ಟಿ, ಬೇರೆ ಯೋಚನೆ ಬೇಡ. ಸಾಯರ್ ಇಂಗ್ಲೆಂಡಿನ ಏವನ್ ಹೊಳೆಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ದಿನವಿಡೀ ನೀರನ್ನೇ ನೋಡುತ್ತಿದ್ದವರ ಕೈಯಿಂದ ಬಂದ ಫ್ಲೈ ಅದು. ಇದಕ್ಕೆ ಮಣಿ ಇಲ್ಲ, ನೂಲೂ ಇಲ್ಲ. ತೆಳು ತಾಮ್ರದ ತಂತಿಯೇ ನೂಲು, ಅದೇ ತೂಕ, ಅದೇ ಹೊಳಪು. ಮೊದಲು ಕೊಕ್ಕೆಯ ಮೈಗೆ ತಂತಿ ಸುತ್ತಿ, ಎದೆಭಾಗದಲ್ಲಿ ಸಣ್ಣ ಉಬ್ಬು ಮಾಡಿಕೊಂಡು ಹಿಂದಕ್ಕೆ ಬನ್ನಿ. ಗರಿಯಿಂದ ನಾಲ್ಕು ಎಳೆ ಬಿಡಿಸಿ, ತುದಿಗಳು ಬಾಲವಾಗಿ ಮೂರು ಮಿಲಿಮೀಟರಿನಷ್ಟು ಹೊರಗೆ ಇರುವ ಹಾಗೆ ತಂತಿಯಿಂದ ಹಿಡಿಯಿರಿ. ಇನ್ನು ಮುಂದಿನದ್ದೇ ಮುಖ್ಯ: ಎಳೆಗಳನ್ನೂ ತಂತಿಯನ್ನೂ ಒಟ್ಟಿಗೆ ತಿರುಚಿ, ಆ ಹುರಿಯನ್ನೇ ಕಣ್ಣಿನವರೆಗೆ ಒತ್ತೊತ್ತಾಗಿ ಸುತ್ತಿಕೊಂಡು ಹೋಗಿ. ಅಲ್ಲಿ ಎರಡನ್ನೂ ಬೇರೆ ಮಾಡಿ, ತಂತಿಯನ್ನು ಎದೆಯ ಹಿಂದಕ್ಕೆ ತಂದು, ಎಳೆಗಳನ್ನು ಮೇಲಿಂದ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಚಿ ಕಟ್ಟಿದರೆ ರೆಕ್ಕೆಚೀಲದ (ಮರಿಕೀಟದ ಬೆನ್ನಲ್ಲಿ ರೆಕ್ಕೆ ಬೆಳೆಯುವ ಜಾಗದ) ಉಬ್ಬು ಬರ್ತದೆ. ಟ್ರೌಟಿನ ಸಣ್ಣ ಹಲ್ಲಿಗೆ ಬರೀ ಗರಿಯ ಎಳೆ ಎರಡನೇ ಮೀನಿಗೇ ಕಿತ್ತುಹೋಗ್ತದೆ. ತಂತಿಯ ಜೊತೆ ಹುರಿಗೊಂಡ ಎಳೆ ತಾಳ್ತದೆ. ಶಂಕರಪುರದ ಮಲ್ಲಿಗೆ ಕಟ್ಟುವವರ ಬೆರಳು ನೋಡಿದ್ದೀರಲ್ಲ, ಬಾಳೆನಾರು ಒಂಚೂರು ಹೆಚ್ಚು ಬಿಗಿದರೆ ತೊಟ್ಟು ತುಂಡಾಗ್ತದೆ, ಸಡಿಲ ಬಿಟ್ಟರೆ ಹೂ ಜಾರ್ತದೆ; ಇಲ್ಲಿಯೂ ಅದೇ ಬಿಗಿ ಬೇಕು. ಮಣಿ ಇಲ್ಲದ ಈ ಮಾದರಿಗೆ ಚೀಟಿಯಲ್ಲಿ ಮಣಿಯ ಬದಲು ಎಷ್ಟು ಪದರ ತಂತಿ ಎಂದು ಬರೆದರೆ ಸಾಕು.

ಸಾಮಾನಿಗೆ ವಿದೇಶದಿಂದ ತರಿಸುವ ಅಗತ್ಯ ತುಂಬ ಕಡಿಮೆ. ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ 38 ಗೇಜಿನ ತಾಮ್ರದ ತಂತಿ ಕೇಳಿ, ದಪ್ಪ ಸುಮಾರು 0.15 ಮಿಲಿಮೀಟರ್. ಪಂಪಿನವರು, ಫ್ಯಾನಿನವರು ದಿನವೂ ಬಳಸುವ ಮಾಲು, ತುಂಡು ಉಳಿದಿದ್ದನ್ನು ಹಾಗೇ ಕೊಡುವವರೂ ಇದ್ದಾರೆ. ಇನ್ನೂ ಚಿಕ್ಕದಾದ 16ನೇ ನಂಬರಿನ ಕೊಕ್ಕೆಗಾದರೆ ಇನ್ನೂ ತೆಳುವಾದ 40 ಗೇಜ್. ಫೆಸೆಂಟ್ ಗರಿ ಸಿಗದಿದ್ದರೆ ಸಾಕಿದ ಟರ್ಕಿ ಕೋಳಿಯ ಕಂದು ಬಾಲದ ಗರಿ ಬಳಸಿ, ಎಳೆ ಸ್ವಲ್ಪ ದಪ್ಪ, ಆದ್ದರಿಂದ ನಾಲ್ಕರ ಬದಲು ಮೂರು ಸಾಕು. ಮೊಲದ ಕಿವಿಯ ರೋಮದಿಂದ ಮಾಡುವ ಒರಟು ಮೈಯ ನಿಂಫಿಗೆ ಗೋಣಿಚೀಲದ ನಾರನ್ನು ಸಣ್ಣಗೆ ಕತ್ತರಿಸಿ, ಸಾಕು ಮೊಲ ಬಾಚಿದಾಗ ಸಿಗುವ ತುಪ್ಪಳದ ಜೊತೆ ಬೆರೆಸಿ. ನನಗೆ ಪೇಟೆಯ ಪ್ಯಾಕೆಟಿಗಿಂತ ಅದೇ ಇಷ್ಟ, ಗೋಣಿಯ ಬಣ್ಣ ಒದ್ದೆಯಾದಾಗ ಹೊಳೆಕಲ್ಲಿನ ಬಣ್ಣಕ್ಕೆ ತೀರಾ ಹತ್ತಿರ. ಕಾಲಿನ ಭಾಗಕ್ಕೆ ಊರ ಹೇಂಟೆಯ ಕುತ್ತಿಗೆ ಗರಿ. ಹುಂಜದ ಗರಿ ಬಿರುಸು, ನೀರಿನ ಮೇಲೆ ತೇಲುವ ಫ್ಲೈಗೆ ಅದು ಬೇಕು. ಹೇಂಟೆಯದ್ದು ಮೆತ್ತಗೆ, ನೀರಿನೊಳಗೆ ಅಲ್ಲಾಡ್ತದೆ. ಕೋಳಿ ಅಂಗಡಿಯಿಂದ ತಂದ ಗರಿಯನ್ನು ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಡಿ. ಇಲ್ಲದಿದ್ದರೆ ಹುಳ ಬಂದು ನಿಮ್ಮದೂ ಹಾಳು, ಅದಲುಬದಲಿನಲ್ಲಿ ಇದ್ದ ಎಲ್ಲರದ್ದೂ ಹಾಳು.

ನವಿಲುಗರಿಯ ಬಗ್ಗೆ ಎಚ್ಚರ. ಅದರ ಎಳೆ ನಿಂಫಿಗೆ ಅದ್ಭುತ, ಕರಾವಳಿಯಲ್ಲಿ ಈಗ ಗದ್ದೆ, ತೋಟ ಎಲ್ಲ ಕಡೆ ನವಿಲು ಕಾಣ್ತದೆ. ತಾನಾಗಿ ಉದುರಿದ ಬಾಲದ ಗರಿಯನ್ನು ದೇಶದೊಳಗೆ ಬಳಸಲಿಕ್ಕೆ ಅಡ್ಡಿ ಇಲ್ಲ, ಆದರೆ ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ, ಫ್ಲೈಯಲ್ಲಿ ಎರಡೇ ಎಳೆ ಇದ್ದರೂ ಅಷ್ಟೇ. ನಿಮ್ಮ ಗುಂಪಿನಲ್ಲಿ ವಿದೇಶದವರು ಇದ್ದರೆ ನವಿಲು ಹಾಕಲೇಬೇಡಿ. ಕಾಡುಕೋಳಿಯ ಕುತ್ತಿಗೆ ಗರಿಯಂತೂ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ನಮ್ಮ ಘಟ್ಟದ ಆ ಹಕ್ಕಿಯ ಮೇಣದ ಹನಿಯಂಥ ಚುಕ್ಕೆಯ ಗರಿಗಾಗಿ, ಒಂದು ಕಾಲದಲ್ಲಿ ಸಾಲ್ಮನ್ ಫ್ಲೈ ಕಟ್ಟುವವರು ಎಷ್ಟೋ ಹಕ್ಕಿಗಳನ್ನು ಮುಗಿಸಿದ್ದಾರೆ. ಈಗ ಅದನ್ನು ಬೇಟೆಯಾಡುವುದು ಅಪರಾಧ, ಆ ಗರಿಗೆ ಬೇಡಿಕೆ ನಮ್ಮಿಂದ ಹುಟ್ಟಬಾರದು.

ಇನ್ನು "ಟ್ರೌಟ್ ಇಲ್ಲದ ಊರು" ಎಂಬ ನಿಮ್ಮ ಸಂಕೋಚ. ಮೀನು ಇಲ್ಲ ನಿಜ, ಆದರೆ ಮೀನಿನ ಊಟ ನಮ್ಮಲ್ಲಿ ಬೇಕಾದಷ್ಟು ಉಂಟು. ಜನವರಿ, ಫೆಬ್ರವರಿಯಲ್ಲಿ ನೀರು ಇಳಿದಾಗ ಹೆಬ್ರಿ ಕಡೆ ಹೋಗಿ, ಅಭಯಾರಣ್ಯದ ಹೊರಗೆ, ಸೀತಾ ನದಿಗೆ ಜನ ಇಳಿಯುವ ಜಾಗದಲ್ಲಿ ಹರಿಯುವ ನೀರಿನ ಒಂದು ಕಲ್ಲು ಎತ್ತಿ ಮಗುಚಿ ನೋಡಿ. ಚಪ್ಪಟೆ ಮೈ, ಅಗಲ ತಲೆ, ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರು ಅಲ್ಲಾಡಿಸುತ್ತ ಕಲ್ಲಿನ ಮರೆಗೆ ಓಡುವುದು ಮೇಫ್ಲೈ ನಿಂಫ್. ಹೆಚ್ಚಿನವಕ್ಕೆ ಬಾಲ ಮೂರು. ಎರಡೇ ಬಾಲ, ಕಾಲಿನ ತುದಿಯಲ್ಲಿ ಎರಡೆರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಮರಳಿನ ಕಣ ಅಂಟಿಸಿ ಕೊಳವೆ ಕಟ್ಟಿಕೊಂಡು ಕೂತದ್ದು ಕ್ಯಾಡಿಸ್ ಹುಳ. ಬಿಳಿ ತಟ್ಟೆಯಲ್ಲಿ ನೀರು ಹಾಕಿ ಅದರಲ್ಲಿ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನೋಡಿ: ಬಾಲ ಎಷ್ಟು ತೆಳು, ಎದೆ ಎಷ್ಟು ದಪ್ಪ, ಹೊಟ್ಟೆ ಹಿಂದಕ್ಕೆ ಹೇಗೆ ಸಪೂರ ಆಗ್ತದೆ. ಹೊಸಬರ ನಿಂಫ್ ಬಹುತೇಕ ತೀರಾ ದಪ್ಪ ಇರ್ತದೆ, ಈ ತಟ್ಟೆ ನೋಡಿದ ಮೇಲೆ ಕೈ ತಾನಾಗಿ ತಿದ್ದಿಕೊಳ್ತದೆ. ನೋಡಿ ಆದ ಮೇಲೆ ಹುಳಗಳನ್ನು ನೀರಿಗೆ ಬಿಟ್ಟು, ಕಲ್ಲನ್ನು ಇದ್ದ ಮಗ್ಗುಲಿಗೇ ಇಡಿ. ಇನ್ನೊಂದು ಹೇಳಬೇಕು, ಇದು ನನಗೆ ಬಹಳ ಹೆಮ್ಮೆಯ ವಿಷಯ: ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಹೊಳೆಗಳಲ್ಲಿ ಗಾಳ ಹಾಕುವುದರ ಕುರಿತು ಬರೆದ ಪುಸ್ತಕ 1873ರಲ್ಲಿ ಮೊದಲು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಈ ಹವ್ಯಾಸದಲ್ಲಿ ನಮ್ಮ ಊರು ಹೊರಗಿನದ್ದಲ್ಲ.

ವ್ಯವಹಾರದ ಮಾತು ಬೇಗ ಮುಗಿಸ್ತೇನೆ. ಹತ್ತು ಜನ ಇದ್ದರೆ ಹತ್ತು ಫ್ಲೈ ಕಟ್ಟಿ, ಹಂಚುವವರಿಗೆ ಕಳಿಸಬೇಕು. ಅವರು ಎಲ್ಲರದ್ದನ್ನೂ ಬಿಡಿಸಿ, ಪ್ರತಿಯೊಬ್ಬರಿಗೂ ಬಗೆಗೊಂದರಂತೆ ವಾಪಸು ಕಳಿಸುತ್ತಾರೆ. ವಾಪಸಿನ ಅಂಚೆ ಖರ್ಚು ಮೊದಲೇ ಕೊಟ್ಟುಬಿಡಿ, ನಿಮ್ಮ ವಿಳಾಸ ಬರೆದ ಕವರನ್ನೂ ಜೊತೆಗಿಡಿ. ಬರೀ ಲಕೋಟೆಯಲ್ಲಿ ಹಾಕಿದರೆ ದಾರಿಯಲ್ಲಿ ಜಜ್ಜಿಹೋಗ್ತದೆ, ಕೊಕ್ಕೆ ಹೊರಗೆ ಬಂದು ಯಾರದಾದರೂ ಬೆರಳಿಗೆ ಚುಚ್ಚುವುದೂ ಉಂಟು. ಗಟ್ಟಿ ಡಬ್ಬಿ, ಒಳಗೆ ಫೋಮ್ ತುಂಡು, ಅದಕ್ಕೆ ಚುಚ್ಚಿದ ಫ್ಲೈಗಳು, ಪಕ್ಕದಲ್ಲಿ ಮಾತ್ರೆ ಬಾಟಲಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಕೊಕ್ಕೆ ಡಬ್ಬಿಯೊಳಗೇ ತುಕ್ಕು ಹಿಡೀತದೆ, ಆ ಪೊಟ್ಟಣ ಮರೆಯಬೇಡಿ. ಒಮ್ಮೆ ಯಾವುದೇ ಹೊಳೆಯಲ್ಲಿ ಬಳಸಿದ ಫ್ಲೈಯನ್ನು ಅದಲುಬದಲಿಗೆ ಹಾಕಬೇಡಿ, ಒಂದು ನೀರಿನ ರೋಗ ಇನ್ನೊಂದು ನೀರಿಗೆ ಹೋಗಬಾರದು.

ಗಡುವಿನ ಬಗ್ಗೆ ನಿಮ್ಮ ಗುಂಪಿನವರ ಹತ್ತಿರ ಈಗಲೇ ಮಾತಾಡಿ. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲ, ಗಾಳ ಹಾಕುವಂತಿಲ್ಲ. ಮಾರ್ಚಿನಲ್ಲಿ ಹೋಗುವವರ ಕೈಗೆ ಫ್ಲೈ ಸಿಗಬೇಕಾದರೆ ಜನವರಿ ಒಳಗೆ ಎಲ್ಲರದ್ದೂ ಹಂಚುವವರ ಮನೆ ಸೇರಿರಬೇಕು. ನೀಲಗಿರಿ ನಮಗೆ ಹತ್ತಿರ, ಆದರೆ ಅಲ್ಲಿನ ಟ್ರೌಟ್ ನೀರು ಬಹಳಷ್ಟು ಕಾಡಿನೊಳಗೆ ಉಂಟು. ಅನುಮತಿ ಕೈಯಲ್ಲಿ ಇಲ್ಲದೆ ಹೊರಡಬೇಡಿ.

ವಾಪಸು ಬಂದ ಡಬ್ಬಿಯನ್ನು ಪ್ರದರ್ಶನಕ್ಕೆ ಇಡಬೇಡಿ. ಪ್ರತಿ ಬಗೆಯನ್ನೂ ಗಾಜಿನ ಲೋಟದ ನೀರಿಗೆ ಬಿಟ್ಟು ಹೇಗೆ ಮುಳುಗ್ತದೆ ನೋಡಿ: ತಲೆ ಕೆಳಗೋ, ಮಗ್ಗುಲಾಗಿಯೋ, ನೆಟ್ಟಗೋ. ನಿಮಗೆ ತೀರಾ ಇಷ್ಟವಾದದ್ದರ ಬಗ್ಗೆ ಕಟ್ಟಿದವರಿಗೇ ಬರೆದು ಕೇಳಿ, ಸಂತೋಷದಿಂದ ಹೇಳಿಕೊಡುತ್ತಾರೆ. ಮುಂದೆ ಹೊಳೆಗೆ ಹೋದಾಗ ಅದನ್ನು ಲೈನಿಗೆ ಕಟ್ಟಿ, ಮೀನು ಹಿಡಿದರೂ ಬಿಟ್ಟರೂ, ಎಂಥ ನೀರಿನಲ್ಲಿ ಹೇಗೆ ಹೋಯಿತು ಎಂದು ಅವರಿಗೆ ನಾಲ್ಕು ಸಾಲು ತಿಳಿಸಿ. 38 ಗೇಜಿನ ತಂತಿ ಉಡುಪಿಯಲ್ಲಿ ಸಿಗದಿದ್ದರೆ ಇಲ್ಲೇ ಕೆಳಗೆ ಹೇಳಿ, ನನ್ನ ಹತ್ತಿರ ಒಂದು ಉಂಡೆ ಹೆಚ್ಚಿಗೆ ಉಂಟು, ಕಳಿಸಿಕೊಡ್ತೇನೆ.