ದಂಟು ಉದ್ದ, ಕೊಡೆ ಗಿಡ್ಡ: ತಪ್ಪು ಬೀಜದ್ದಲ್ಲ

ಸಿಂಪಿ ಅಣಬೆ ಬೆಳೆಯಲು ಹುಲ್ಲು, ಬೀಜ ತುಂಬಿಟ್ಟ ಚೀಲ ಹತ್ತಿಯಂತೆ ಬೆಳ್ಳಗಾಗಿದೆ, ಆದರೆ ಬಂದ ಅಣಬೆಗೆ ಗೇಣುದ್ದ ದಂಟು, ಅಂಗಿಯ ಗುಂಡಿಯಷ್ಟೇ ಕೊಡೆ. ಬೀಜ ಕೆಟ್ಟದ್ದೇ ಎಂದು ಕೇಳಿದ್ದೀರಿ. ಬೀಜ ಕೆಟ್ಟಿದ್ದರೆ ಅದರ ಬಿಳಿ ಎಳೆ ಹಬ್ಬಿ ಚೀಲ ಬೆಳ್ಳಗಾಗುತ್ತಲೇ ಇರಲಿಲ್ಲ. ಬಾಗಿಲು ಮುಚ್ಚಿದ ಕತ್ತಲೆ ಕೋಣೆಯಲ್ಲಿಟ್ಟಿದ್ದೇನೆ ಎಂದಿದ್ದೀರಲ್ಲ, ಕಾರಣ ಅಲ್ಲೇ ಇದೆ. ಅಣಬೆಯೂ ನಮ್ಮಂತೆ ಉಸಿರಾಡುತ್ತದೆ. ಅದು ಬಿಟ್ಟ ಇಂಗಾಲದ ಡೈಆಕ್ಸೈಡ್ ಕೋಣೆಯಲ್ಲೇ ಕಟ್ಟಿಕೊಂಡರೆ ದಂಟು ಚಾಚುತ್ತಲೇ ಹೋಗುತ್ತದೆ, ಕೊಡೆ ಬಿಚ್ಚುವುದಿಲ್ಲ. ಧಾರವಾಡದಲ್ಲಿ ನನ್ನ ಮೊದಲ ಚೀಲಕ್ಕೂ ಇದೇ ಗತಿ. ಅವ್ವ ಅದನ್ನು ನೋಡಿ, “ಅಣಬೆ ಹಾಕಿದ್ದೆಯೋ, ಶಾವಿಗೆ ಹೊಸೆದಿದ್ದೆಯೋ?” ಎಂದು ನಕ್ಕಿದ್ದಳು.

ಕತ್ತಲೆ ಬೇಕಾದದ್ದು ಬೀಜ ಹಬ್ಬುವ 15-20 ದಿನಗಳಿಗೆ ಮಾತ್ರ. ಈಗ ಚೀಲವನ್ನು ಪಡಸಾಲೆಗೆ ತನ್ನಿ. ಪತ್ರಿಕೆ ಓದುವಷ್ಟು ಬೆಳಕು ಸಾಕು, ನೇರ ಬಿಸಿಲು ಬೇಡ. ದಿನಕ್ಕೆ ಮೂರು ನಾಲ್ಕು ಸಲ ಕಿಟಕಿ ತೆರೆಯಿರಿ. ನಿಮ್ಮ ಗದಗಿನ ಒಣಗಾಳಿಗೆ ಮೊಗ್ಗು ಮುರುಟಿಕೊಳ್ಳುತ್ತದೆ, ಹಾಗಾಗಿ ಸುತ್ತ ಒದ್ದೆ ಗೋಣಿತಾಟು ಇಳಿಬಿಡಿ. ನೀರನ್ನು ಮಂಜಿನಂತೆ ಗೋಣಿಗೂ ಗಾಳಿಗೂ ಸಿಂಪಡಿಸಿ. ಅಣಬೆಯ ಮೇಲೆ ಹನಿ ನಿಂತರೆ ಹಳದಿಯಾಗಿ ಕೊಳೆಯುತ್ತದೆ.

ಈಗಿರುವ ಗೊಂಚಲನ್ನು ತಿರುಚಿ ಕಿತ್ತುಬಿಡಿ. ದಂಟು ತುಸು ನಾರು, ಆದರೆ ಸಣ್ಣಗೆ ಹೆಚ್ಚಿ ಜೋಳದ ರೊಟ್ಟಿಯ ಜೊತೆಗೆ ಪಲ್ಯ ಮಾಡಿದರೆ ಯಾರೂ ದೂರುವುದಿಲ್ಲ. ಅದೇ ಚೀಲ ಇನ್ನೂ ಒಂದೆರಡು ಬೆಳೆ ಕೊಡುತ್ತದೆ. ಬೇಸಿಗೆಯಲ್ಲಿ ಮಾತ್ರ ಸಿಂಪಿಯ ಹಟ ಬಿಟ್ಟು ಹಾಲು ಅಣಬೆ ಹಾಕಿ. 35 ಡಿಗ್ರಿ ಬಿಸಿಯನ್ನೂ ಅದು ತಾಳಿಕೊಳ್ಳುತ್ತದೆ.